ಗೇಮ್ ಪರಿಚಯಕ್ಕೆ ಗಂಟೆಗಳ ಲೆಕ್ಕ ಸಾಲದು

ಮಾನ್ಯ ಸಂಪಾದಕರೇ,

ನಿಮ್ಮ ಪುರವಣಿಯಲ್ಲಿ ವಿಡಿಯೋ ಗೇಮ್‌ಗಳ ಪರಿಚಯ ಬರುತ್ತಿರುವುದು ಖುಷಿಯ ಸಂಗತಿ. ಗೇಮ್ ಎಂದರೆ ರಮ್ಮಿ, ಬೆಟ್ಟಿಂಗ್, ಸಾಲ ಎಂಬ ಸುದ್ದಿಗಳೇ ತುಂಬಿರುವಾಗ ನೀವು ಅದನ್ನು ಸಿನಿಮಾ, ಪುಸ್ತಕಗಳ ಸಾಲಿನಲ್ಲಿಟ್ಟು ನೋಡುವ ಮನಸ್ಸು ಮಾಡಿದ್ದೀರಿ. ಆದರೆ ಪ್ರತಿ ಪರಿಚಯದಲ್ಲೂ ‘60 ಗಂಟೆಗಳ ಆಟ’, ‘100 ಗಂಟೆಗಳ ಆಟ, ಕೊಟ್ಟ ಹಣಕ್ಕೆ ಮೋಸವಿಲ್ಲ’ ಎಂಬ ಮಾತು ಬರುತ್ತದೆ. ಈ ಅಳತೆಯ ಬಗ್ಗೆ ನನ್ನ ತಕರಾರಿದೆ.

ನಾನು 2003ರಿಂದ 2012ರವರೆಗೆ ಶಿರಸಿಯಲ್ಲಿ ಸೈಬರ್ ನಡೆಸಿದವನು. ಆರು ಕಂಪ್ಯೂಟರು, ತಾಸಿಗೆ 20 ರೂಪಾಯಿ. ಶಾಲೆ ಬಿಟ್ಟ ಮೇಲೆ ಬರುವ ಹುಡುಗರಿಗೆ ಬೇಕಾಗಿದ್ದು ಒಂದೇ ಆಟ, ‘ಜಿಟಿಎ ವೈಸ್ ಸಿಟಿ’. ಒಂದು ನಗರದೊಳಗೆ ಗ್ಯಾಂಗ್‌ಸ್ಟರ್ ಆಗಿ ತಿರುಗುವ, ದೊಡ್ಡವರಿಗೆಂದು ಮಾಡಿದ ಆಟ ಅದು. ಆಗ ಅದನ್ನು ಯೋಚಿಸದೆ ಮಕ್ಕಳಿಗೆ ಆಡಲು ಬಿಟ್ಟಿದ್ದಕ್ಕೆ ಈಗ ಬೇಸರವಿದೆ. ಆದರೆ ಆಟದ ಬಗ್ಗೆ ನಾನು ಕಲಿತದ್ದೆಲ್ಲ ಆ ಹುಡುಗರ ಬೆನ್ನ ಹಿಂದೆ ನಿಂತೇ.

ಕಥೆಯ ಪ್ರಕಾರ ಅದರಲ್ಲಿ ಒಂದೊಂದೇ ಮಿಷನ್, ಅಂದರೆ ಒಪ್ಪಿಸಿದ ಕೆಲಸ, ಮುಗಿಸುತ್ತ ಹೋಗಬೇಕು. ಒಂದು ಮಿಷನ್‌ನಲ್ಲಿ ಆಟಿಕೆ ಹೆಲಿಕಾಪ್ಟರ್ ಹಾರಿಸಿ, ಇನ್ನೂ ಕಟ್ಟುತ್ತಿರುವ ಬಿಲ್ಡಿಂಗಿನ ಒಳಗೆ ನಾಲ್ಕು ಬಾಂಬ್ ಇಟ್ಟು ಬರಬೇಕು. ಮೇಲೆ ಗಡಿಯಾರ ಓಡುತ್ತಿರುತ್ತದೆ. ನನ್ನ ಸೈಬರಿನಲ್ಲಿ ಅದನ್ನು ದಾಟಿದವರು ಇಬ್ಬರೋ ಮೂವರೋ. ಉಳಿದವರು ಕಥೆಯನ್ನು ಅಲ್ಲಿಗೇ ಬಿಟ್ಟರು, ಆಟವನ್ನು ಬಿಡಲಿಲ್ಲ. ಎಂಟನೇ ಕ್ಲಾಸಿನ ಒಬ್ಬ ಹುಡುಗ ಬಂದಾಗೆಲ್ಲ ಟ್ಯಾಕ್ಸಿಯನ್ನೇ ಓಡಿಸುತ್ತಿದ್ದ. ಅವನ ಅಪ್ಪ ಟೆಂಪೋ ಡ್ರೈವರ್. ಹುಡುಗ ಕೆಂಪು ದೀಪ ಬಿದ್ದರೆ ನಿಲ್ಲಿಸುತ್ತಿದ್ದ, ಹಸಿರು ಬಂದ ಮೇಲೇ ಹೊರಡುತ್ತಿದ್ದ. ಹಾಗೆ ನಿಲ್ಲಿಸು ಎಂದು ಆಟ ಹೇಳುವುದಿಲ್ಲ, ಸಿಗ್ನಲ್ ಹಾರಿದರೆ ಅಲ್ಲಿನ ಪೊಲೀಸರು ಹಿಡಿಯುವುದೂ ಇಲ್ಲ. ಪಕ್ಕದ ಸೀಟಿನವನು ‘ಪ್ಯಾಂಜರ್’ ಎಂಬ ಚೀಟ್ ಕೋಡ್ (ಬೇಕಾದ್ದನ್ನು ಪುಕ್ಕಟೆ ಕೊಡಿಸುವ ಗುಟ್ಟಿನ ಪದ) ಹೊಡೆದು ಟ್ಯಾಂಕ್ ತರಿಸಿಕೊಂಡು ಅದೇ ರಸ್ತೆಯಲ್ಲಿ ಧೂಳೆಬ್ಬಿಸುತ್ತಿದ್ದ. ತಾಸು ಮುಗಿಯುತ್ತಿದ್ದಂತೆ ಇಬ್ಬರೂ ‘ಅಣ್ಣಾ, ಇನ್ನರ್ಧ ತಾಸು ಹಾಕು’ ಎನ್ನುತ್ತಿದ್ದರು. ಎರಡು ವರ್ಷ ಹೀಗೇ ನಡೆಯಿತು. ಈ ಆಟವನ್ನು ಎಷ್ಟು ಗಂಟೆಗಳದ್ದೆಂದು ಬರೆಯುತ್ತೀರಿ?

ಬೆಂಗಳೂರಿನಲ್ಲಿರುವ ಅಕ್ಕನ ಮಗ ನಿಂಟೆಂಡೊದ ‘ಬ್ರೆತ್ ಆಫ್ ದಿ ವೈಲ್ಡ್’ ಆಡುತ್ತಾನೆ. 2017ರಲ್ಲಿ ಬಂದ ಆಟ. ಶುರುವಿನ ಪ್ರಸ್ಥಭೂಮಿಯಲ್ಲಿ ನಾಲ್ಕು ಗುಡಿಗಳ ಒಗಟುಗಳನ್ನು ಬಿಡಿಸಿದರೆ ಒಂದು ಪ್ಯಾರಾಗ್ಲೈಡರ್ ಕೈಗೆ ಬರುತ್ತದೆ. ದೂರದಲ್ಲಿ ಶತ್ರುವಿನ ಕೋಟೆ ಕಾಣುತ್ತಿರುತ್ತದೆ. ಧೈರ್ಯವಿದ್ದರೆ ನೇರ ಅಲ್ಲಿಗೇ ಹೋಗಬಹುದು, ಯಾರೂ ತಡೆಯುವುದಿಲ್ಲ. ಕೈ ಪಳಗಿದವರು ಮೊದಲಿನಿಂದ ಕೊನೆಯವರೆಗೆ ಅರ್ಧ ತಾಸಿನೊಳಗೆ ಮುಗಿಸಿದ್ದಾರೆ. ನಮ್ಮ ಹುಡುಗ ಇನ್ನೂರು ತಾಸು ದಾಟಿದ್ದಾನೆ, ಕೋಟೆಯ ಬಾಗಿಲಿಗೇ ಇನ್ನೂ ಹೋಗಿಲ್ಲ. 120 ಗುಡಿಗಳಿವೆ, ಕಲ್ಲು ಮರಗಳ ಸಂದಿಯಲ್ಲಿ ಅಡಗಿಸಿಟ್ಟ 900 ಬೀಜಗಳಿವೆ, ಆದರೆ ಅವನಿಗೆ ಹುಚ್ಚು ಹಿಡಿಸಿದ್ದು ಅವಲ್ಲ. ಕಂಡ ಬೆಟ್ಟವನ್ನೆಲ್ಲ ಹತ್ತಬಹುದು ಎಂಬುದು. ಹತ್ತುವಾಗ ಮಳೆ ಬಂದರೆ ಕೈ ಜಾರುತ್ತದೆ. ಆಗ ಬಂಡೆಯ ಅಡಿ ಬೆಂಕಿ ಹಾಕಿಕೊಂಡು ಮಳೆ ಬಿಡುವವರೆಗೆ ಕೂರಬೇಕು. ದೀಪಾವಳಿಗೆ ಹೋದಾಗ ಅವನ ಪಕ್ಕ ಕುಳಿತು ನಾನೂ ಆ ಮಳೆ ಬಿಡುವುದನ್ನು ಕಾದೆ.

ಹಾಗೆಂದು ದೊಡ್ಡ ನಕ್ಷೆ ಕೊಟ್ಟರೆ ಸ್ವಾತಂತ್ರ್ಯ ಕೊಟ್ಟಂತಲ್ಲ. ಈಗಿನ ಎಷ್ಟೋ ಆಟಗಳಲ್ಲಿ ನಕ್ಷೆಯ ತುಂಬ ಚುಕ್ಕೆಗಳು, ಒಂದೊಂದನ್ನೇ ಮುಗಿಸಿ ಅಳಿಸುತ್ತ ಹೋಗಬೇಕು. ತಾಸುಗಳೇನೋ ನೂರಾಗುತ್ತವೆ. ಮುಗಿದ ಮೇಲೆ ಯಾರೂ ಅದನ್ನು ಮತ್ತೆ ತೆರೆಯುವುದಿಲ್ಲ.

ಇದಕ್ಕೆ ತೀರ ವಿರುದ್ಧವಾದದ್ದು, ಮಗಳು ಪಿಯುಸಿಯಲ್ಲಿದ್ದಾಗ ಆಡಿದ ‘ಅಂಡರ್‌ಟೇಲ್’. 2015ರಲ್ಲಿ ಟೋಬಿ ಫಾಕ್ಸ್ ಎಂಬಾತ ಬಹುಪಾಲು ಒಬ್ಬನೇ ಕೂತು ಮಾಡಿದ್ದು. ನೋಡಲು ನಮ್ಮ ಕಾಲದ ಟಿವಿ ಗೇಮ್‌ನಂತಿದೆ, ಆರೇಳು ತಾಸಿನಲ್ಲಿ ಮುಗಿಯುತ್ತದೆ. ಮೊದಲಿಗೇ ಟೊರಿಯಲ್ ಎಂಬ ಆಡಿನ ಮುಖದ ತಾಯಿಯೊಬ್ಬಳು ದಾರಿ ತಪ್ಪಿದ ಮಗುವನ್ನು ಮನೆಗೆ ಕರೆದೊಯ್ದು ಉಪಚರಿಸುತ್ತಾಳೆ. ಹೊರಗೆ ಹೋಗುತ್ತೇನೆಂದರೆ ಬಾಗಿಲಿಗೆ ಅಡ್ಡ ನಿಲ್ಲುತ್ತಾಳೆ. ಹೊಡೆದು ದಾಟಬಹುದು. ಕೈ ಎತ್ತದೆ ಮತ್ತೆ ಮತ್ತೆ ಬಿಟ್ಟುಬಿಡುತ್ತ ಬಂದರೆ ಕೊನೆಗೆ ಅವಳೇ ದಾರಿ ಕೊಡುತ್ತಾಳೆ. ಮಗಳಿಗೆ ಅದು ಹೊಳೆಯಲಿಲ್ಲ, ಹೊಡೆದಳು, ಟೊರಿಯಲ್ ಸತ್ತಳು. ಮಗಳು ಕಣ್ಣೀರು ಹಾಕಿ, ಹಳೇ ಸೇವ್‌ಗೆ, ಅಂದರೆ ಮೊದಲು ಉಳಿಸಿಟ್ಟ ಹಂತಕ್ಕೆ ಹೋಗಿ, ಈ ಸಲ ಅವಳನ್ನು ಉಳಿಸಿಕೊಂಡಳು. ಬಾಗಿಲು ದಾಟಿದರೆ ಅಲ್ಲಿ ಮಾತಾಡುವ ಹೂವೊಂದು ಕಾದಿತ್ತು. ನೀನು ಅವಳನ್ನು ಕೊಂದಿದ್ದೆ, ಆಮೇಲೆ ಮನಸ್ಸು ತಡೆಯದೆ ಹಿಂದಕ್ಕೆ ಹೋದೆ, ನನಗೆಲ್ಲ ಗೊತ್ತು ಎಂಬ ಅರ್ಥದ ಮಾತಾಡಿತು. ಮಗಳು ಅಡುಗೆಮನೆಗೆ ಓಡಿ ಬಂದು, ‘ಅಪ್ಪಾ, ಇದಕ್ಕೆ ನೆನಪಿದೆ’ ಎಂದಳು. ಅವಳ ಮುಖ ನನಗೆ ಇನ್ನೂ ಕಣ್ಣಿಗೆ ಕಟ್ಟಿದೆ. ಆ ಆಟವನ್ನು ಅವಳು ಮೂರು ಸಲ ಆಡಿದಳು, ಮೂರೂ ಸಲ ಬೇರೆ ಬೇರೆ ದಾರಿಯಲ್ಲಿ.

ಗೊತ್ತಿದ್ದ ಕಥೆಗೇ ಮತ್ತೆ ಮರಳುವುದು ನಮ್ಮ ಸೀಮೆಯವರಿಗೆ ಹೊಸದೇನಲ್ಲ. ವಾಲಿ ಸಾಯುತ್ತಾನೆಂದು ಗೊತ್ತಿದ್ದೇ ಮತ್ತೆ ಮತ್ತೆ ತಾಳಮದ್ದಳೆಗೆ ಹೋಗಿ ಕೂರುತ್ತೇವೆ. ಭಾಗವತರು ಹೇಳುವ ಪದ್ಯ ಮೊದಲೇ ಬರೆದಿಟ್ಟದ್ದು. ಬಾಣ ತಗುಲಿ ಬಿದ್ದ ವಾಲಿ ರಾಮನನ್ನು ಏನೆಂದು ಕೇಳುತ್ತಾನೆ ಎಂಬುದು ಮಾತ್ರ ಆ ರಾತ್ರಿ ವಾಲಿಯ ಮಾತಾಡುವ ಅರ್ಥಧಾರಿಗೆ ಬಿಟ್ಟದ್ದು. ಎದುರು ಕುಳಿತ ರಾಮ ಬದಲಾದರೆ ವಾಲಿಯ ಮಾತೂ ಬದಲಾಗುತ್ತದೆ.

ಇನ್ನೊಂದು ವಿಷಯ ನಿಮ್ಮ ಪರಿಚಯಗಳಲ್ಲಿ ಬರುವುದೇ ಇಲ್ಲ. ಅಕ್ಕನ ಮಗ ದುಡ್ಡು ಕೊಟ್ಟು ಕೊಂಡ ಒಂದು ಆಟ, ಮಾಡಿದವರು ಅದನ್ನು ನೆಟ್ ಮೂಲಕ ನಡೆಸುವ ತಮ್ಮ ಸರ್ವರ್ ನಿಲ್ಲಿಸಿದ ಮೇಲೆ ತೆರೆಯುತ್ತಲೇ ಇಲ್ಲ. ಇದು ಅವನೊಬ್ಬನ ಗೋಳಲ್ಲ. 2014ರಲ್ಲಿ ಬಂದ ‘ದಿ ಕ್ರೂ’ ಎಂಬ ಕಾರಿನ ಆಟವನ್ನು 2024ರ ಮಾರ್ಚ್ ಕೊನೆಗೆ ಹೀಗೇ ಮುಚ್ಚಿದಾಗ ‘ಸ್ಟಾಪ್ ಕಿಲ್ಲಿಂಗ್ ಗೇಮ್ಸ್’ ಎಂಬ ಚಳವಳಿ ಶುರುವಾಯಿತು. ಅದರ ಮನವಿಗೆ 2025ರ ಹೊತ್ತಿಗೆ ಯುರೋಪಿನ 10 ಲಕ್ಷಕ್ಕೂ ಹೆಚ್ಚು ಜನ ಸಹಿ ಹಾಕಿದ್ದಾರೆ. ಆಟದೊಳಗೆ ಎಷ್ಟು ದಾರಿಗಳಿದ್ದರೇನು, ಆಟವೇ ತೆರೆಯದಿದ್ದರೆ?

ಒಂದು ಹೊಸ ಆಟಕ್ಕೆ ಈಗ ಮೂರು–ನಾಲ್ಕು ಸಾವಿರ ರೂಪಾಯಿ. ನಮ್ಮಂಥ ಮನೆಗಳಲ್ಲಿ ವರ್ಷಕ್ಕೆ ಒಂದು ಕೊಂಡರೆ ಹೆಚ್ಚು. ಆದ್ದರಿಂದ ನಿಮ್ಮ ಬರಹಗಾರರು ಆಟವನ್ನು ಒಮ್ಮೆ ಮುಗಿಸಿದ ಕೂಡಲೇ ಬರೆಯದೆ, ಎರಡನೇ ಸಲ ಬೇರೆ ದಾರಿ ಹಿಡಿದು ಆಡಿ ನೋಡಿ ಬರೆಯಲಿ. ಏನು ಬದಲಾಯಿತು, ಏನು ಬದಲಾಗಲಿಲ್ಲ ಎಂದು ತಿಳಿಸಲಿ. ನೆಟ್ ಇಲ್ಲದೆ ನಡೆಯುತ್ತದೆಯೇ ಎಂಬುದನ್ನಂತೂ ತಪ್ಪದೆ ಬರೆಯಿಸಿ. ಮಳೆಗಾಲದಲ್ಲಿ ನಮ್ಮ ಕಡೆ ಮರ ಬಿದ್ದು ಲೈನ್ ಹೋದರೆ ನಾಲ್ಕೈದು ದಿನ ನೆಟ್ ಇರುವುದಿಲ್ಲ.

ಇತಿ,
ಒಬ್ಬ ಓದುಗ, ಶಿರಸಿ