ಉತ್ಸವದಲ್ಲಿ ಕನ್ನಡ ಬ್ಯಾಂಡೂ ಇರಲಿ

ಮಾನ್ಯರೇ,

ಈ ಬೇಸಿಗೆ ರಜೆಯಲ್ಲಿ ಕಾಸರಗೋಡಿನ ಕಡಲ ತೀರದ ಸಂಗೀತ ಉತ್ಸವವೊಂದರಲ್ಲಿ ಮೂರು ರಾಕ್ ಬ್ಯಾಂಡ್ ಕೇಳಿದೆವು, ಒಂದೂ ಕನ್ನಡದ್ದಲ್ಲ. ಮಲಯಾಳಂ ಹುಡುಗರು ಭರ್ಜರಿಯಾಗಿಯೇ ನುಡಿಸಿದರು, ಅದರಲ್ಲಿ ತಕರಾರಿಲ್ಲ. ಡ್ರಮ್ಮಿನ ಏಟು ಎದೆಗೇ ತಾಗುತ್ತಿತ್ತು, ಕಾಲಡಿಯ ಹೊಯ್ಗೆಯೂ ನಡುಗಿದ ಹಾಗೆ. ಮೊಬೈಲಿನಲ್ಲಿ ಕೇಳಿದರೆ ಈ ಸುಖ ಎಲ್ಲಿ ಸಿಗುತ್ತದೆ? ನಡುವೆ ತಂಗಿಯ ಮಗ ಕೇಳಿದ, "ಮಾವ, ಕನ್ನಡದಲ್ಲಿ ಹೀಗೆ ಹಾಡುವವರು ಇಲ್ವಾ?"

ಇಲ್ಲದೆ ಏನು! ರಘು ದೀಕ್ಷಿತ್ ಅವರ ತಂಡ 2011ರಲ್ಲೇ ಇಂಗ್ಲೆಂಡಿನ ಗ್ಲಾಸ್ಟನ್‌ಬರಿ ಉತ್ಸವದಲ್ಲಿ ಹಾಡಿ ಬಂದಿದೆ. ಬೆಂಗಳೂರಿನ ಸ್ವರಾತ್ಮ ಬ್ಯಾಂಡೂ ಕನ್ನಡದಲ್ಲಿ ಹಾಡುತ್ತದೆ. ಅಷ್ಟು ದೂರ ಹೋದವರಿಗೆ ಇಲ್ಲಿಗೆ ಬರುವುದು ಕಷ್ಟವೇ? 1956ರಲ್ಲಿ ಕಾಸರಗೋಡಿನ ನಾವು ಕೇರಳಕ್ಕೆ ಸೇರಿದ ಮೇಲೂ ಇಲ್ಲಿ ಕನ್ನಡ ಶಾಲೆಗಳಿವೆ, ಆದರೆ ಮಕ್ಕಳಿಗೆ ಕನ್ನಡ ಅಂದರೆ ಸುಮ್ನೆ ಪಾಠ, ಪರೀಕ್ಷೆ, ಜಾಸ್ತಿ ಅಂದರೆ ಯಕ್ಷಗಾನ (ಅದು ನನಗೂ ಪ್ರಾಣ, ಆ ಮಾತು ಬೇರೆ) ಅಷ್ಟೇ ಅಂತ ಅನ್ನಿಸಬಾರದು ಅಲ್ವಾ?

ಮುಂದಿನ ಬೇಸಿಗೆಗೆ ಸಂಘಟಕರು ಒಂದು ಸಂಜೆ ಕನ್ನಡ ಬ್ಯಾಂಡಿಗೆ ಬಿಡಲಿ. ದೊಡ್ಡ ತಂಡ ದುಬಾರಿ ಆದರೆ ಮಂಗಳೂರಿನ ಕಾಲೇಜು ಹುಡುಗರನ್ನಾದರೂ ಕರೆಯಲಿ, ರೈಲಿನಲ್ಲಿ ಒಂದು ಗಂಟೆಯ ದಾರಿ.

– ಓದುಗ, ಮಂಜೇಶ್ವರ