ಕಣ್ಣಿನ ನರಕ್ಕೂ ಒಂದು ಮೀಟರ್ ಬೇಡವೇ?

ಮಾನ್ಯ ಸಂಪಾದಕರೆ,

ಹೋದ ವಾರ ನಮ್ಮ ಬೀದಿಯ ಹೆಣ್ಣುಮಗಳೊಬ್ಬಳು ಎಂ.ಆರ್.ಐ. ಫಿಲ್ಮಿನ ದೊಡ್ಡ ಕವರು ಹಿಡಿದು ಮನೆಗೆ ಬಂದಳು. ಅವಳ ಅಪ್ಪನಿಗೆ ಮಿದುಳಿನ ತಳದ ಪಿಟ್ಯುಟರಿ ಗ್ರಂಥಿಯಲ್ಲಿ ಗಡ್ಡೆ. ‘ಮೂಗಿನೊಳಗಿಂದ ಆಪ್ರೇಸನ್ ಮಾಡುದ್ರೆ ಕಣ್ಣು ಹೊಂಟೋಯ್ತದಂತೆ, ದಿಟವಾ ಮಾವ?’ ಎಂದು ಕೇಳಿದಳು. ಎರಡು ವರ್ಷದ ಹಿಂದೆ ನನಗೂ ಅದೇ ಆಪರೇಷನ್ ಆಗಿದೆ, ಅದಕ್ಕೇ ನನ್ನ ಹತ್ತಿರ ಬಂದಿದ್ದು. ಆಪರೇಷನ್ ನಡೆಯುವಾಗಲೇ ಕಣ್ಣಿನ ನರ ಹೇಗಿದೆ ಎಂದು ಮೀಟರಿನ ಹಾಗೆ ತೋರಿಸುವ ಒಂದು ಪರೀಕ್ಷೆ ಇದೆ. ಅದರ ಬಗ್ಗೆ ಅವಳಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಉದ್ದವಾಯಿತು ಅನಿಸಿದರೆ ನನ್ನ ಕತೆಯನ್ನು ಕತ್ತರಿಸಿ, ಕೊನೆಯ ಬೇಡಿಕೆಯನ್ನು ಬಿಡಬೇಡಿ.

ನಾನು ಇಪ್ಪತ್ತಾರು ವರ್ಷ ಮಂಡ್ಯದ ಬೆಲ್ಲದ ಮಾರುಕಟ್ಟೆಯಿಂದ ಮೈಸೂರಿನ ಸಂತೆಪೇಟೆಗೆ ಟೆಂಪೊದಲ್ಲಿ ಅಚ್ಚುಬೆಲ್ಲ ಹೊಡೆದವನು. ಒಂದು ಕಬ್ಬಿನ ಸುಗ್ಗಿಯಲ್ಲಿ ಒಂದೇ ತಿಂಗಳಿಗೆ ಎಡಗಡೆಯ ಕನ್ನಡಿ ಎರಡು ಸಲ ಒಡೆಯಿತು. ಆಮೇಲೆ ಬಲಗಡೆ ಒಂದು ಬೈಕು ಉಜ್ಜಿಕೊಂಡು ಹೋಯಿತು. ಶ್ರೀರಂಗಪಟ್ಟಣದ ಹತ್ತಿರ ಎತ್ತಿನಗಾಡಿಯ ಮೂಕಿಗೇ ತಾಗಿಸಿದೆ. ಗಾಡಿಯವನು ಇಳಿದು ಬಂದು ‘ಅಷ್ಟು ದೊಡ್ಡ ಎತ್ತು ಕಾಣಕ್ಕಿಲ್ವೇನ್ಲಾ ನಿಂಗೆ?’ ಅಂದ. ನಿಜವಾಗಿಯೂ ಕಂಡಿರಲಿಲ್ಲ. ಮುಂದಿನ ಲಾರಿಯ ನಂಬರ್ ಪ್ಲೇಟು ಓದುತ್ತಿದ್ದೆ, ಮಗ್ಗುಲಲ್ಲಿದ್ದ ಎತ್ತು ಕಂಡಿರಲಿಲ್ಲ.

ಕನ್ನಡಕದ ಅಂಗಡಿಯಲ್ಲಿ ಎರಡು ಸಲ ಗಾಜು ಬದಲಿಸಿದರು. ಗೋಡೆಯ ಮೇಲಿನ ಅಕ್ಷರಗಳನ್ನು ಕೊನೆಯ ಸಾಲಿನವರೆಗೂ ಓದಿಬಿಡುತ್ತಿದ್ದೆನಲ್ಲ, ಅನುಮಾನ ಯಾರಿಗೆ ಬರಬೇಕು? ಆ ಬೋರ್ಡು ನೋಡುವುದು ನೆಟ್ಟ ನೋಟವನ್ನು ಮಾತ್ರ. ಕೊನೆಗೆ ಸರ್ಕಾರಿ ಆಸ್ಪತ್ರೆಯಲ್ಲಿ ಒಬ್ಬ ಚಿಕ್ಕ ವಯಸ್ಸಿನ ಡಾಕ್ಟರಮ್ಮ ನನ್ನೆದುರು ಸ್ಟೂಲು ಹಾಕಿಕೊಂಡು ಕೂತು, ಒಂದು ಕಣ್ಣು ಮುಚ್ಚಿಸಿ, ‘ನನ್ನ ಮೂಗನ್ನೇ ನೋಡಿ, ಬೆರಳು ಆಡುವುದು ಕಂಡ ತಕ್ಷಣ ಹೇಳಿ’ ಎಂದರು. ಕಿವಿಯ ಕಡೆಯಿಂದ ಕೈ ತಂದರು, ತಂದರು, ಮುಖದ ನಡುವಿಗೆ ಬರುವವರೆಗೂ ನನಗೆ ಕಾಣಲಿಲ್ಲ. ಇನ್ನೊಂದು ಕಣ್ಣಿಗೂ ಅಷ್ಟೇ. ಎರಡು ನಿಮಿಷದ ಕೆಲಸ, ಖರ್ಚು ಒಂದು ಪೈಸೆ ಇಲ್ಲ. ಆಮೇಲೆ ಯಂತ್ರದಲ್ಲಿ ನೋಟದ ಹರವು ಅಳೆಯುವ ಫೀಲ್ಡ್ ಟೆಸ್ಟ್ ಮಾಡಿಸಿದಾಗ ಕಾಗದದ ಮೇಲೆ ಎರಡೂ ಹೊರಮಗ್ಗುಲು ಕಪ್ಪು. ಜಟಕಾ ಕುದುರೆಗೆ ಕಣ್ಣಪಟ್ಟಿ ಕಟ್ಟುತ್ತಾರಲ್ಲ, ಹಾಗೆ.

ಎರಡು ಕಣ್ಣಿನ ನರಗಳು ಮಿದುಳಿನ ತಳದಲ್ಲಿ ಕತ್ತರಿಯ ಹಾಗೆ ಕೂಡುತ್ತವಂತೆ. ಅದರ ಕೆಳಗೇ ಪಿಟ್ಯುಟರಿ. ಅಲ್ಲಿ ಗಡ್ಡೆ ಬೆಳೆದು ಮೇಲಕ್ಕೆ ಒತ್ತಿದರೆ ಹೊರಮಗ್ಗುಲಿನ ನೋಟ ತರುವ ಎಳೆಗಳು ಮೊದಲು ಸೋಲುತ್ತವೆ. ನನ್ನದು ಕ್ಯಾನ್ಸರ್ ಅಲ್ಲ. ಆದರೆ ತೆಗೆಯುವಾಗ ಎಳೆದಾಡಿದರೆ, ಅಥವಾ ನರಕ್ಕೆ ಹೋಗುವ ಕೂದಲೆಳೆಯ ರಕ್ತನಾಳಕ್ಕೆ ಪೆಟ್ಟಾದರೆ, ಉಳಿದ ನೋಟಕ್ಕೂ ಕುತ್ತು.

ಬೆಂಗಳೂರಿನಲ್ಲಿ ಆಪರೇಷನ್ನಿನ ಹಿಂದಿನ ದಿನ ಒಬ್ಬ ಟೆಕ್ನಿಷಿಯನ್ ಹುಡುಗ ಬಂದ. ಮುಚ್ಚಿದ ಕಣ್ಣಿನ ಮೇಲೆ ಎಲ್.ಇ.ಡಿ. ದೀಪದ ಕನ್ನಡಕ ಹಾಕುತ್ತೇವೆ, ಮಿಂಚು ರೆಪ್ಪೆ ದಾಟಿ ಒಳಗೆ ಹೋಗುತ್ತದೆ, ಅದರ ಸುದ್ದಿ ನರದ ಮೂಲಕ ತಲೆಯ ಹಿಂಭಾಗಕ್ಕೆ ಮುಟ್ಟಿತೇ ಎಂದು ಅಲ್ಲಿ ಚುಚ್ಚಿದ ಸೂಜಿ ಹೇಳುತ್ತದೆ ಎಂದ. ಒಂದು ಸೆಕೆಂಡಿನ ಹತ್ತನೇ ಒಂದು ಭಾಗದಷ್ಟು ಹೊತ್ತಿಗೆ ಪರದೆಯ ಮೇಲೆ ಅಲೆ ಏಳಬೇಕಂತೆ. ಅಲೆ ತೀರಾ ಸಣ್ಣದು, ಹತ್ತಾರು ಮಿಂಚುಗಳ ಸರಾಸರಿ ತೆಗೆದರೇ ಕಾಣುವುದು. ಗ್ಯಾಸಿನ ಅರಿವಳಿಕೆ ಕೊಟ್ಟರೆ ಅದೂ ಮಂಕಾಗುತ್ತದೆ. ಅದಕ್ಕೇ ಹಾಲಿನ ಬಣ್ಣದ ಪ್ರೊಪೊಫಾಲ್ ಔಷಧವನ್ನು ರಕ್ತನಾಳದಲ್ಲೇ ಬಿಟ್ಟು ಮಲಗಿಸುತ್ತಾರೆ. ಕಣ್ಣಿನ ಪಕ್ಕ ಇನ್ನೊಂದು ತಂತಿ ಇರುತ್ತದೆ, ಬೆಳಕು ಕಣ್ಣೊಳಗಿನ ಹಿಂಪದರವಾದ ಅಕ್ಷಿಪಟಲಕ್ಕೆ ಮುಟ್ಟಿತೇ ಎಂದು ತಿಳಿಯಲು. ಇದು ನನಗೆ ಬೇಗ ಅರ್ಥವಾಯಿತು. ಸ್ಪೀಡಿನ ಮುಳ್ಳು ಬಿದ್ದರೆ ನಾವು ಎಂಜಿನ್ ಬಿಚ್ಚುವುದಿಲ್ಲ, ಮೊದಲು ಮೀಟರ್ ಕೇಬಲ್ ನೋಡುತ್ತೇವೆ.

ನನ್ನ ಎಡಗಣ್ಣಿನ ಅಲೆ ನಡುವೆ ಅರ್ಧಕ್ಕಿಂತ ಕೆಳಗೆ ಕುಸಿಯಿತಂತೆ. ಕನ್ನಡಕ ಸರಿದಿದೆಯೇ ನೋಡಿದರು, ಅಕ್ಷಿಪಟಲದ ಗೆರೆ ಸರಿಯಾಗಿಯೇ ಇತ್ತು. ಬಿ.ಪಿ. ನೋಡಿದರು. ಸರ್ಜನ್ ಕೈ ಹಿಂದೆ ತೆಗೆದು, ಬೆಚ್ಚಗಿನ ಸಲೈನ್ ಬಿಟ್ಟು ಕಾದರು. ಅಲೆ ಮೇಲೆದ್ದಿತು. ನರಕ್ಕೆ ಅಂಟಿದ್ದ ಕೊನೆಯ ಚೂರನ್ನು ಅವರು ಮುಟ್ಟಲಿಲ್ಲ. ಆ ಚೂರು ಈಗಲೂ ನನ್ನ ತಲೆಯಲ್ಲೇ ಇದೆ, ವರ್ಷಕ್ಕೊಮ್ಮೆ ಎಂ.ಆರ್.ಐ. ಮಾಡಿಸಬೇಕು. ಇರಲಿ, ಎಡಗಣ್ಣೂ ಇದೆ.

ಇದನ್ನು ಮಂತ್ರದಂಡ ಎಂದು ತಿಳಿಯಬಾರದು. ಅಲೆ ಚೆನ್ನಾಗಿದ್ದೂ ಮಗ್ಗುಲಿನ ನೋಟ ಒಂದಿಷ್ಟು ಹೋಗಬಹುದು ಎಂದು ಡಾಕ್ಟರು ಸಹಿಗೆ ಮುಂಚೆಯೇ ಹೇಳಿದ್ದರು. ಕಣ್ಣು ಮೊದಲೇ ತೀರಾ ಸೋತಿದ್ದರೆ ಅಲೆಯೇ ಸಿಗುವುದಿಲ್ಲ. ನನ್ನ ಬಲಗಣ್ಣಿನದು ಶುರುವಿನಿಂದಲೂ ಸಪ್ಪೆ. ಕನ್ನಡಕದ ಅಂಗಡಿಗೆ ಅಲೆದ ಆ ಹತ್ತು ತಿಂಗಳು ನೆನೆದರೆ ಇವತ್ತಿಗೂ ಹೊಟ್ಟೆ ಉರಿಯುತ್ತದೆ.

ಈಗ ಬೇಡಿಕೆ. ಮಲಗಿದವರ ನರವನ್ನು ತಂತಿ ಹಚ್ಚಿ ಕೇಳುವುದು ಮೈಸೂರಿಗೆ ಹೊಸದಲ್ಲ. ಮಾನಸಗಂಗೋತ್ರಿಯ ವಾಕ್ ಶ್ರವಣ ಸಂಸ್ಥೆ 1965ರಿಂದ ಇದೆ. ನನ್ನ ಮೊಮ್ಮಗನಿಗೆ ಮೂರು ತಿಂಗಳಿದ್ದಾಗ ಅಲ್ಲೇ ಬೇರಾ ಟೆಸ್ಟ್ ಮಾಡಿದರು. ಮಗು ಮಲಗಿತ್ತು, ಕಿವಿಗೆ ಟಿಕ್ ಟಿಕ್ ಶಬ್ದ ಬಿಟ್ಟರು, ಮಿದುಳಿಗೆ ಮುಟ್ಟಿತೇ ಎಂದು ಪರದೆಯ ಮೇಲೆ ನೋಡಿದರು. ಕಿವಿಗೆ ಶಬ್ದ, ಕಣ್ಣಿಗೆ ಬೆಳಕು, ಹಿಂದಿನ ಲೆಕ್ಕ ಹೆಚ್ಚುಕಡಿಮೆ ಒಂದೇ. ಈ ವಿದ್ಯೆ ಬಲ್ಲವರನ್ನು ತಯಾರು ಮಾಡುವ ಊರಿನಲ್ಲಿ, ನೂರು ವರ್ಷ ದಾಟಿದ ವೈದ್ಯಕೀಯ ಕಾಲೇಜೂ ಇರುವಾಗ, ಆಪರೇಷನ್ ಟೇಬಲ್ಲಿನ ಪಕ್ಕ ಕೂರಲು ಒಬ್ಬರನ್ನು ತಯಾರು ಮಾಡುವುದು ಅಷ್ಟು ಕಷ್ಟವೇ? ನನ್ನ ಬಿಲ್ಲಿನಲ್ಲಿ ಈ ಮಾನಿಟರಿಂಗಿಗೆ ಬೇರೆಯೇ ಸಾಲಿತ್ತು. ಸರ್ಕಾರಿ ಆರೋಗ್ಯ ಕಾರ್ಡಿನಲ್ಲಿ ಬರುತ್ತದೆಯೇ ಎಂದರೆ ಕೌಂಟರಿನವರು ಮುಖ ಮುಖ ನೋಡಿಕೊಂಡರು.

ಮೈಸೂರು, ಮಂಡ್ಯದ ಯಾವ ಆಸ್ಪತ್ರೆಯಲ್ಲಿ ಈ ಸೌಲಭ್ಯವಿದೆ, ಯಾವುದರಲ್ಲಿಲ್ಲ, ಸರ್ಕಾರಿ ಕಾರ್ಡಿಗೆ ಸೇರುತ್ತದೆಯೇ ಎಂಬುದನ್ನು ಆರೋಗ್ಯ ಇಲಾಖೆಯವರು ಇದೇ ಅಂಕಣದಲ್ಲಿ ತಿಳಿಸಲಿ. ಬೇಗ ತಿಳಿಸಿದರೆ ಒಳ್ಳೆಯದು. ಆ ಹುಡುಗಿಯ ಅಪ್ಪನಿಗೆ ಬರುವ ತಿಂಗಳ ಮೊದಲ ವಾರಕ್ಕೆ ಡೇಟು ಕೊಟ್ಟಿದ್ದಾರೆ.

— ನಿವೃತ್ತ ಟೆಂಪೊ ಚಾಲಕ, ಮಂಡ್ಯ