ಪ್ರಬಂಧಗಳ ಮೇಲೆ ಹೆಸರು ಅಚ್ಚಾಗದವರಿಗೆ

ಕಳೆದ ತಿಂಗಳ ಕೊನೆಗೆ ನಾನು ಪೆಥಾಲಜಿ ವಿಭಾಗದ ಸೇವೆಯಿಂದ ನಿವೃತ್ತಳಾದೆ. ವೃತ್ತಿಜೀವನದ ಬಹುಪಾಲು ಸ್ತನ ಕ್ಯಾನ್ಸರಿನ ಸಂಶೋಧನೆಯಲ್ಲೇ ಸಂದುಹೋದುದರಿಂದ, ಬೀಳ್ಕೊಡುಗೆಯ ದಿನ ಮಾತನಾಡಿದವರೆಲ್ಲ ನನ್ನ ಪ್ರಕಟಿತ ಪ್ರಬಂಧಗಳನ್ನು ನೆನೆದರು. ಆ ಪ್ರಬಂಧಗಳ ಮೇಲೆ ಹೆಸರು ಅಚ್ಚಾಗದ ಅನೇಕರ ಋಣ ನನ್ನ ಮೇಲಿದೆ. ಅಂದು ವೇದಿಕೆಯ ಮೇಲೆ ಹೇಳಿ ಮುಗಿಸಲಾಗದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲ ನಮಸ್ಕಾರ, ಆಪರೇಷನ್ ಥಿಯೇಟರಿನಿಂದ ಲ್ಯಾಬಿಗೆ ಗಡ್ಡೆಯನ್ನು ತರುತ್ತಿದ್ದ ಅಟೆಂಡರುಗಳಿಗೆ. ದೇಹದಿಂದ ಬೇರ್ಪಡಿಸಿದ ಅಂಗಾಂಶ ಒಂದು ಗಂಟೆಯೊಳಗೆ, ಅದನ್ನು ಕೆಡದಂತೆ ಕಾಪಾಡುವ ಫಾರ್ಮಲಿನ್ ದ್ರಾವಣ ಸೇರಬೇಕು. ಗಡ್ಡೆ ದೊಡ್ಡದಿದ್ದರೆ ದ್ರಾವಣ ಒಳಗಿನವರೆಗೂ ಇಳಿಯುವಂತೆ ಅದನ್ನು ಹೋಳು ಮಾಡಬೇಕು. ಆಮೇಲೆ ಕನಿಷ್ಠ 6 ಗಂಟೆ, ಹೆಚ್ಚೆಂದರೆ 72 ಗಂಟೆ ಅದು ಅಲ್ಲಿರಬೇಕು. ಇದರಲ್ಲಿ ತಡವಾದರೆ ಗಡ್ಡೆಯ ಕೋಶಗಳಲ್ಲಿ ಈಸ್ಟ್ರೋಜನ್ ಹಾರ್ಮೋನನ್ನು ಹಿಡಿದುಕೊಳ್ಳುವ ರಿಸೆಪ್ಟರ್ ಇದ್ದರೂ ಪರೀಕ್ಷೆಯಲ್ಲಿ ಇಲ್ಲವೆಂದು ಬರಬಹುದು. ಹಾಗಾದಾಗ, ಆ ರಿಸೆಪ್ಟರನ್ನು ತಡೆಯುವ, ಕಡಿಮೆ ಬೆಲೆಗೆ ಸಿಗುವ ಟಾಮೋಕ್ಸಿಫೆನ್ ಮಾತ್ರೆಯಿಂದ ವರ್ಷಗಟ್ಟಲೆ ರಕ್ಷಣೆ ಪಡೆಯಬಹುದಾಗಿದ್ದ ಹೆಣ್ಣುಮಗಳಿಗೆ ಆ ಮಾತ್ರೆಯೇ ತಪ್ಪಿಹೋಗುತ್ತದೆ. ಇದನ್ನು ಒಮ್ಮೆ ವಿವರಿಸಿದ ಮೇಲೆ ನಮ್ಮ ಅಟೆಂಡರುಗಳು, ಗಡ್ಡೆ ತೆಗೆದ ಸಮಯವನ್ನು ಡಬ್ಬಿಯ ಮೇಲೆ ಬರೆಸಿಕೊಳ್ಳದೆ ಥಿಯೇಟರಿನ ಬಾಗಿಲು ಬಿಟ್ಟು ಕದಲುತ್ತಿರಲಿಲ್ಲ.

ಲ್ಯಾಬಿನ ಹಿರಿಯ ಟೆಕ್ನಿಷಿಯನ್ನರಿಗೆ ನಾನು ಎಷ್ಟು ಕೃತಜ್ಞಳಾಗಿದ್ದರೂ ಕಡಿಮೆಯೇ. ಸ್ತನದ ಅಂಗಾಂಶದಲ್ಲಿ ಕೊಬ್ಬು ಹೆಚ್ಚಿರುವುದರಿಂದ ಸೆಕ್ಷನ್ (ಸೂಕ್ಷ್ಮದರ್ಶಕದಲ್ಲಿ ನೋಡಲು ಕತ್ತರಿಸುವ ತೆಳು ಪದರ) ಬೇಗ ಹರಿಯುತ್ತದೆ. ಅಂಗಾಂಶವನ್ನು ಹುದುಗಿಸಿದ ಮೇಣದ ಬ್ಲಾಕನ್ನು ಮಂಜುಗಡ್ಡೆಯ ಮೇಲೆ ತಣಿಸಿ, ಮೈಕ್ರೋಟೋಮಿನಲ್ಲಿ ಮೂರು ನಾಲ್ಕು ಮೈಕ್ರಾನ್ ದಪ್ಪಕ್ಕೆ ಕತ್ತರಿಸಿ, ಬೆಚ್ಚನೆಯ ನೀರಿನ ಮೇಲೆ ತೇಲುವ ಪಟ್ಟಿಯನ್ನು ಒಂದೂ ಮಡಿಕೆ ಬೀಳದಂತೆ ಗಾಜಿನ ಮೇಲೆ ಎತ್ತಿಕೊಳ್ಳುತ್ತಿದ್ದ ಅವರ ಕೈಗಳ ನಿಧಾನವನ್ನು ನಾನು ಪಕ್ಕದಲ್ಲಿ ನಿಂತು ನೋಡಿದ್ದೇನೆ. 1957ರಲ್ಲಿ ಬ್ಲೂಮ್ ಮತ್ತು ರಿಚರ್ಡ್ಸನ್ ರೂಪಿಸಿ, 1991ರಲ್ಲಿ ನಾಟಿಂಗ್‌ಹ್ಯಾಮಿನ ಎಲ್ಸ್ಟನ್ ಮತ್ತು ಎಲ್ಲಿಸ್ ಪರಿಷ್ಕರಿಸಿದ, ಗಡ್ಡೆ ಎಷ್ಟು ಉಗ್ರವೆಂದು ಅಳೆಯುವ ಗ್ರೇಡಿಂಗ್ ಪದ್ಧತಿಯಲ್ಲಿ ನಾಳಗಳ ರಚನೆ, ಕೋಶಕೇಂದ್ರಗಳ ವಿಕಾರ, ವಿಭಜನೆಯಲ್ಲಿರುವ ಕೋಶಗಳ ಎಣಿಕೆ, ಇವು ಮೂರಕ್ಕೂ 1ರಿಂದ 3ರವರೆಗೆ ಅಂಕಗಳಿವೆ. ಒಟ್ಟು 8 ಅಥವಾ 9 ಬಂದರೆ ಅದು ಮೂರನೆಯ, ಅಂದರೆ ಅತ್ಯಂತ ಉಗ್ರವಾದ ಗ್ರೇಡು. ಸೆಕ್ಷನ್ ದಪ್ಪವಾದರೆ ಈ ಎಣಿಕೆಯೇ ನಂಬಲಾಗದಂತಾಗುತ್ತದೆ.

ಆದರೆ ಗ್ರೇಡು ಕೊಟ್ಟ ಮಾತ್ರಕ್ಕೆ ಸಂಶೋಧನೆಯಾಗುವುದಿಲ್ಲ. ಆ ಮಹಿಳೆ ಐದು ವರ್ಷ, ಹತ್ತು ವರ್ಷಗಳ ನಂತರ ಹೇಗಿದ್ದಾರೆಂಬುದು ತಿಳಿಯಬೇಕು. ಮೊಬೈಲ್ ಇಲ್ಲದ ಕಾಲದಲ್ಲಿ ಈ ಹೊಣೆಯನ್ನು ಹೊತ್ತವರು ನಮ್ಮ ಸಮಾಜ ಕಾರ್ಯಕರ್ತೆಯರು. ಊರಿನ ಪೋಸ್ಟ್‌ಮ್ಯಾನ್ ಓದಿದರೂ ಕಾಯಿಲೆಯ ಹೆಸರು ತಿಳಿಯದಂತೆ, ಬರೀ ಕ್ಷೇಮ ವಿಚಾರಿಸುವ ಧಾಟಿಯಲ್ಲಿ ಅವರು ಕಾರ್ಡುಗಳನ್ನು ಬರೆಯುತ್ತಿದ್ದರು. ರಾಯಚೂರಿನ ಕಡೆಯಿಂದ ಮಗಳೊಬ್ಬಳು ಬರೆದ ಉತ್ತರ ನನಗೆ ಬಾಯಿಪಾಠವಾಗಿದೆ: "ಅವ್ವ ಆರಾಮ ಅದಾಳ, ಹತ್ತಿ ಬಿಡಿಸಾಕ ಹೋಗ್ಯಾಳ." ನಮ್ಮ ಬದುಕುಳಿವಿನ ಕೋಷ್ಟಕಗಳೆಲ್ಲ ಇಂಥ ಉತ್ತರಗಳಿಂದ ತುಂಬಿದವು. ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿದ, ಹೆಬ್ಬೆಟ್ಟು ಒತ್ತಿದ ಆ ತಾಯಂದಿರಲ್ಲಿ ಅನೇಕರು, ತಮಗೆ ಅದರಿಂದ ಏನೂ ದಕ್ಕದೆಂದು ತಿಳಿದೂ ಒಪ್ಪಿದವರು. ಅವರಿಗೆ ತಲೆಬಾಗುತ್ತೇನೆ.

ರಾತ್ರಿಗಳನ್ನು ಲ್ಯಾಬಿಗೆ ಬಿಟ್ಟುಕೊಟ್ಟ ಮನೆಯವರಿಗೂ ನನ್ನ ವಂದನೆ.

ಕೊನೆಯದಾಗಿ ವಿಭಾಗದ ಕಿರಿಯ ಸಹೋದ್ಯೋಗಿಗಳಿಗೆ. ಕೆಲವು ಸ್ತನ ಕ್ಯಾನ್ಸರುಗಳಲ್ಲಿ ಅತಿಯಾಗಿರುವ ಹರ್-2 ಪ್ರೋಟೀನಿನ ವಿರುದ್ಧ ಕೆಲಸ ಮಾಡುವ ಔಷಧಿ ಟ್ರಾಸ್ಟುಜುಮಾಬ್‌ಗೆ ಅಮೆರಿಕದಲ್ಲಿ 1998ರಲ್ಲಿ ಅನುಮತಿ ಸಿಕ್ಕಿತಾದರೂ, ಪರೀಕ್ಷೆಯಲ್ಲಿ 3+, ಅಂದರೆ ಆ ಪ್ರೋಟೀನು ಅತಿಯಾಗಿದೆ ಎಂದು ಬರೆದುಕೊಟ್ಟ ನಂತರವೂ ಬೆಲೆ ಕೇಳಿ ಹಿಂತಿರುಗಿದ ಕುಟುಂಬಗಳನ್ನು ನಾವು ವರ್ಷಗಳ ಕಾಲ ನೋಡಿದೆವು. 2014ರಲ್ಲಿ ಬೆಂಗಳೂರಿನದೇ ಬಯೋಕಾನ್ ಅದರ ಬಯೋಸಿಮಿಲರನ್ನು, ಅಂದರೆ ಅದಕ್ಕೆ ಸರಿಸಮನಾದ ಔಷಧಿಯನ್ನು, ಭಾರತದ ಮಾರುಕಟ್ಟೆಗೆ ತಂದಿತು. 2022ರ ನಂತರ ಪರಿಸ್ಥಿತಿ ಮತ್ತೆ ಬದಲಾಗಿದೆ: ಮೊದಲು ನೆಗೆಟಿವ್ ಎಂದು ಬದಿಗಿಡುತ್ತಿದ್ದ, ಆ ಪ್ರೋಟೀನು ತೀರಾ ಕಡಿಮೆಯಿರುವ 1+ ಫಲಿತಾಂಶಕ್ಕೂ, ಕಾಯಿಲೆ ಹರಡಿದವರಲ್ಲಿ, ಈಗ ಔಷಧಿಯಿದೆ. ಹಾಗಾಗಿ ಸೊನ್ನೆಗೂ 1+ಗೂ ನಡುವಿನ ಆ ಮಸುಕಾದ ಗೆರೆಯನ್ನು ಗುರುತಿಸಲು ಈ ಕಿರಿಯರು ನನ್ನ ಕಾಲದ ಸ್ಲೈಡುಗಳನ್ನು ಕಪಾಟಿನಿಂದ ತೆಗೆದು ಮತ್ತೊಮ್ಮೆ ನೋಡುತ್ತಿದ್ದಾರೆ. ನಾನು ಬರೆದ ವರದಿ ಎಲ್ಲಿ ಬದಲಾಗಬೇಕೋ ಅಲ್ಲಿ ಸಂಕೋಚವಿಲ್ಲದೆ ಬದಲಾಯಿಸಲಿ. ಹಳೆಯ ಬ್ಲಾಕುಗಳ ರಿಜಿಸ್ಟರುಗಳನ್ನು ಅವರ ವಶಕ್ಕೆ ಒಪ್ಪಿಸಿದ್ದೇನೆ. ನನ್ನ ಕೈಬರಹ ತಿಳಿಯದಿದ್ದರೆ ಯಾವ ಹೊತ್ತಿನಲ್ಲಾದರೂ ಫೋನ್ ಮಾಡಲಿ.